ಪ್ರಸಂಗಕ್ಕೆ ಕತೆ ಒದಗಿಸುವ ತಾಣಗಳು: ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ಭಾನುವಾರದ ಪ್ರಸಂಗಕ್ಕೆ, ಅಂದರೆ ಚರ್ಚಿನ ಬೋಧನೆಗೆ, ದೃಷ್ಟಾಂತ ಹುಡುಕುವ ಸಭಾಪಾಲಕರು, ಲೇ ಪ್ರೀಚರ್‌ಗಳು (ದೀಕ್ಷೆಯಿಲ್ಲದೆ ಬೋಧಿಸುವ ಸಭೆಯವರು), ಸಂಡೆ ಸ್ಕೂಲ್ ಶಿಕ್ಷಕರ ನಡುವೆ ಹೆಚ್ಚು ಕೇಳಿಬರುವ ಹೆಸರುಗಳು ಎರಡು: ಪ್ರೀಚಿಂಗ್ ಟುಡೇ ಮತ್ತು ಸರ್ಮನ್ ಸೆಂಟ್ರಲ್. ಎರಡೂ ಅಮೆರಿಕದ ಜಾಲತಾಣಗಳು, ಎರಡೂ ಇಂಗ್ಲಿಷಿನವು. ಇವುಗಳ ಜೊತೆಗೆ, ಹಕ್ಕುಸ್ವಾಮ್ಯ ಮುಗಿದು ಪುಕ್ಕಟೆ ಸಿಗುವ ಹಳೆಯ ದೃಷ್ಟಾಂತ ಸಂಗ್ರಹಗಳಿವೆ. ಈಗೀಗ ಚಾಟ್‌ಬಾಟ್‌ಗಳೂ ಸೇರಿಕೊಂಡಿವೆ. ಕನ್ನಡದ ಪ್ರಸಂಗವೇದಿಕೆಗೆ ಇವು ಎಷ್ಟು ಒದಗುತ್ತವೆ ಎಂಬುದು ಈ ವಿಮರ್ಶೆಯ ವಿಷಯ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕತೆ ಎಲ್ಲಿ ಬೇಕಾದರೂ ಸಿಗುತ್ತದೆ, ಅದಕ್ಕಾಗಿ ಹಣ ಕೊಡುವ ಅಗತ್ಯವಿಲ್ಲ. ಆ ಕತೆಯ ಕೆಳಗೆ ಅದು ಎಲ್ಲಿಂದ ಬಂತು ಎಂದು ಬರೆದಿರುವ ಒಂದು ಸಾಲಿದೆಯಲ್ಲ, ಹಣಕ್ಕೆ ಬೆಲೆ ಬರುವುದು ಅದರಿಂದ.

ಪ್ರೀಚಿಂಗ್ ಟುಡೇ ನಡೆಸುವುದು 1956ರಲ್ಲಿ ಅಮೆರಿಕದ ಬೋಧಕ ಬಿಲ್ಲಿ ಗ್ರಹಾಂ ಆರಂಭಿಸಿದ ಕ್ರಿಶ್ಚಿಯಾನಿಟಿ ಟುಡೇ ಪತ್ರಿಕೆಯ ಬಳಗ. ಚಂದಾ ಕೊಟ್ಟು ಬಳಸುವ ತಾಣ. ಇಲ್ಲಿನ ಒಂದು ದೃಷ್ಟಾಂತ ತೆರೆದರೆ ಶೀರ್ಷಿಕೆ, ಎರಡು ಮೂರು ಪ್ಯಾರಾದ ಕತೆ, ಹೊಂದುವ ವಿಷಯಗಳು, ಹೊಂದುವ ಸತ್ಯವೇದ ವಚನಗಳು, ಕೊನೆಯಲ್ಲಿ ಮೂಲ ಕಾಣಿಸುತ್ತವೆ. ಯಾವ ಪತ್ರಿಕೆ, ಯಾವ ಪುಸ್ತಕ ಎಂಬುದು ಆ ಮೂಲದ ಸಾಲಿನಲ್ಲಿರುತ್ತದೆ. ಸಂಪಾದಕರ ಕೈ ಹಾಯ್ದು ಬಂದದ್ದರಿಂದ ಕತೆ ಬಿಗಿಯಾಗಿದೆ, ಹೆಚ್ಚಿನವು ಇತ್ತೀಚಿನವು. ವಚನದಿಂದ ಹುಡುಕುವ ಸೌಲಭ್ಯ ಇದರ ದೊಡ್ಡ ಬಲ. ‘ನಂಬಿಕೆ’ ಎಂದು ವಿಷಯದಿಂದ ಹುಡುಕಿದರೆ ಬರುವ ರಾಶಿಯಲ್ಲಿ ಮುಳುಗಿಹೋಗುತ್ತೀರಿ. ‘ಲೂಕ 18’ ಎಂದು ಹುಡುಕಿದರೆ ಕೈಗೆ ಸಿಗುವುದು ಕೆಲವೇ ಕೆಲವು, ಅವು ವಾಕ್ಯಭಾಗದ ಹತ್ತಿರವೇ ಇರುತ್ತವೆ.

ಸರ್ಮನ್ ಸೆಂಟ್ರಲ್ ಬೇರೆ ಬಗೆಯದು. ಸಭಾಪಾಲಕರು ತಾವೇ ಹಾಕಿದ ಪ್ರಸಂಗಗಳು, ಕತೆಗಳು ಅಲ್ಲಿ ರಾಶಿ ಬಿದ್ದಿವೆ. ಒಂದಷ್ಟು ಪುಕ್ಕಟೆ, ಉಳಿದದ್ದಕ್ಕೆ ಚಂದಾ. ಒಂದೇ ವಾಕ್ಯಭಾಗವನ್ನು ಹತ್ತು ಜನ ಹೇಗೆ ವಿಂಗಡಿಸಿಕೊಂಡಿದ್ದಾರೆ ಎಂದು ನೋಡಲು ಇದು ನಿಜಕ್ಕೂ ಉಪಯೋಗ. ಆದರೆ ಹಾಕಿದವರು ಎಲ್ಲಿಂದ ತಂದರು ಎಂಬುದಕ್ಕೆ ಅವರೇ ಜವಾಬ್ದಾರರು. ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋದ ಕತೆಯಲ್ಲಿ ಊರು, ಹೆಸರು, ಇಸವಿ ಬದಲಾಗಿರುತ್ತವೆ. ಹತ್ತು ಪ್ರಸಂಗಗಳಲ್ಲಿ ಕಂಡ ಮಾತ್ರಕ್ಕೆ ಕತೆ ನಿಜವೆಂದು ತಿಳಿಯಬಾರದು. ಹತ್ತೂ ಒಂದೇ ಕಡೆಯಿಂದ ಬಂದಿರಬಹುದು.

ಹಳೆಯ ಸಂಗ್ರಹಗಳಲ್ಲಿ ಈಗಲೂ ಕೈಗೆತ್ತಿಕೊಳ್ಳಬಹುದಾದದ್ದು ಲಂಡನ್ನಿನ ಬೋಧಕ ಚಾರ್ಲ್ಸ್ ಸ್ಪರ್ಜನ್ 1870ರಲ್ಲಿ ಹೊರತಂದ ‘ಫೆದರ್ಸ್ ಫಾರ್ ಆರೋಸ್’. ವಿಷಯಗಳು ಅಕ್ಷರಾನುಕ್ರಮದಲ್ಲಿವೆ, ಅನೇಕ ದೃಷ್ಟಾಂತಗಳು ಒಂದೇ ಪ್ಯಾರಾದಷ್ಟು. ವಿಕ್ಟೋರಿಯಾ ಕಾಲದ ರೈಲು, ಹಡಗು, ಗ್ಯಾಸ್‌ದೀಪ ಹೇರಳವಾಗಿರುವುದರಿಂದ ಅರ್ಧದಷ್ಟನ್ನು ಪಕ್ಕಕ್ಕಿಡಬೇಕಾಗುತ್ತದೆ. ತೋಟ, ಹೊಲ, ಸಮುದ್ರ, ಮಗು, ಸಾಲಗಾರ ಬರುವಂಥವು ಇವತ್ತಿಗೂ ಹಾಗೇ ಹೊಂದುತ್ತವೆ. ಕಣ್ಣೆದುರಿನ ವಸ್ತುವನ್ನು ನೋಡಿ ನಾಲ್ಕು ಸಾಲಿನಲ್ಲಿ ಮುಗಿಸುವುದು ಹೇಗೆ ಎಂದು ಕಲಿಯಲು ಇದಕ್ಕಿಂತ ಅಗ್ಗದ ಪಾಠಶಾಲೆ ಸಿಗದು.

ಇಂಥ ಸೇವೆಯನ್ನು ಒರೆಗೆ ಹಚ್ಚಲು ಒಂದು ಸುಲಭದ ದಾರಿಯಿದೆ. ಪ್ರಸಂಗಗಳಲ್ಲಿ ದಶಕಗಳಿಂದ ಸುತ್ತುತ್ತಿರುವ ನಾಲ್ಕೈದು ಹೆಸರಾಂತ ಕತೆಗಳನ್ನು ಅಲ್ಲಿ ಹುಡುಕಿ, ಅವುಗಳ ಕೆಳಗೆ ಏನು ಬರೆದಿದೆ ನೋಡಿ.

ಮೊದಲನೆಯದು ಹದ್ದಿನ ಕತೆ. ಕನ್ನಡ ವಾಟ್ಸಾಪ್ ಬಳಗಗಳಲ್ಲೂ ಇದು ಬೇಕಾದಷ್ಟು ಓಡಾಡಿದೆ. ನಲವತ್ತು ವರ್ಷಕ್ಕೆ ಹದ್ದಿನ ಕೊಕ್ಕು ಬಾಗಿ, ಉಗುರು ಮೊಂಡಾಗಿ, ಗರಿ ಭಾರವಾಗುತ್ತದಂತೆ. ಅದು ಬೆಟ್ಟದ ತುದಿಗೆ ಹೋಗಿ ಕೊಕ್ಕನ್ನು ಬಂಡೆಗೆ ಬಡಿದು ಉದುರಿಸಿಕೊಂಡು, ಹೊಸ ಕೊಕ್ಕಿನಿಂದ ಉಗುರು, ಗರಿಗಳನ್ನು ಕಿತ್ತುಕೊಂಡು, ಐದು ತಿಂಗಳ ಮೇಲೆ ಹೊಸದಾಗಿ ಹಾರಿ ಎಪ್ಪತ್ತು ವರ್ಷ ಬದುಕುತ್ತದಂತೆ. ಹದ್ದಿನ ಹೋಲಿಕೆ ಬರುವ ಯೆಶಾಯ 40:31ಕ್ಕೂ ಕೀರ್ತನೆ 103:5ಕ್ಕೂ ಇದನ್ನು ಅಂಟಿಸುತ್ತಾರೆ. ಯಾವ ಹದ್ದೂ ಹೀಗೆ ಮಾಡುವುದಿಲ್ಲ. ಕೊಕ್ಕು ಮುರಿದ ಹದ್ದು ತಿನ್ನಲಾರದೆ ಸಾಯುತ್ತದೆ. ಕೊಕ್ಕು, ಉಗುರು ಎರಡೂ ಬದುಕಿರುವಷ್ಟು ಕಾಲ ಬೆಳೆಯುತ್ತ, ಬಳಕೆಯಿಂದ ಸವೆಯುತ್ತ ಇರುತ್ತವೆ. ಹಳೆಯ ಗರಿ ಸ್ವಲ್ಪಸ್ವಲ್ಪವಾಗಿ ಉದುರಿ ಹೊಸದು ಬರುತ್ತದೆ, ಹಕ್ಕಿ ಹಾರುವುದನ್ನು ನಿಲ್ಲಿಸಬೇಕಾಗಿಲ್ಲ. ವಚನಕ್ಕೆ ಆಗುವ ಪೆಟ್ಟು ಇದಕ್ಕಿಂತ ದೊಡ್ಡದು. ಯೆಶಾಯ ಹೇಳುವುದು ಕಾಯುವವರಿಗೆ ಯೆಹೋವನು ಕೊಡುವ ಬಲವನ್ನು. ಕತೆಯಲ್ಲಿ ಹದ್ದು ತನ್ನ ಛಲದಿಂದ ತನ್ನನ್ನೇ ಹೊಸದು ಮಾಡಿಕೊಳ್ಳುತ್ತದೆ. ಕೇಳಿದವರು ಮನೆಗೆ ಒಯ್ಯುವುದು ವಚನಕ್ಕೆ ತದ್ವಿರುದ್ಧವಾದ ಬೋಧನೆಯನ್ನು.

‘ಸೂಜಿಯ ಕಣ್ಣು’ ಎಂಬ ಬಾಗಿಲಿನದ್ದೂ ಇದೇ ಪಾಡು. ಯೆರೂಸಲೇಮಿನಲ್ಲಿ ಆ ಹೆಸರಿನ ಕಿರುಬಾಗಿಲಿತ್ತು, ಒಂಟೆ ಹೊರೆ ಇಳಿಸಿ ಮೊಣಕಾಲೂರಿ ಒಳಗೆ ನುಸುಳುತ್ತಿತ್ತು ಎಂಬ ವಿವರಣೆ ಎಷ್ಟು ಇಂಪಾಗಿದ್ದರೂ, ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತು ಎನ್ನಲು ಆಧಾರ ಸಿಕ್ಕಿಲ್ಲ. ಮಾರ್ಕ 10ನ್ನು ಮುಂದಕ್ಕೆ ಓದಿದರೆ ಸಾಕು, ಕತೆ ತಾನಾಗಿ ಬಿದ್ದುಹೋಗುತ್ತದೆ. ಐಶ್ವರ್ಯವಂತನು ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭ ಎಂಬ 25ನೆಯ ವಚನ ಕೇಳಿದ ಶಿಷ್ಯರು ಬೆರಗಾಗಿ, ಹಾಗಾದರೆ ಯಾರಿಗೆ ರಕ್ಷಣೆಯಾದೀತು ಎಂದು ಕೇಳುತ್ತಾರೆ. ಇದು ಮನುಷ್ಯರಿಗೆ ಅಸಾಧ್ಯ, ದೇವರಿಗೆ ಅಸಾಧ್ಯವಲ್ಲ ಎಂದು ಯೇಸು 27ರಲ್ಲಿ ಉತ್ತರಿಸುತ್ತಾನೆ. ಒಂಟೆ ಮೊಣಕಾಲೂರಿ ದಾಟಬಲ್ಲದಾದರೆ ಅದು ಅಸಾಧ್ಯ ಹೇಗಾಯಿತು? ಆ ಬಾಗಿಲು ಯೇಸುವಿನ ಮಾತಿನ ಹಲ್ಲು ಕಿತ್ತುಬಿಡುತ್ತದೆ.

ಒಳಗೆ ಸತ್ತರೆ ಎಳೆದುಕೊಳ್ಳಲೆಂದು ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟಿ ಗರ್ಭಗುಡಿಯೊಳಗೆ ಕಳಿಸುತ್ತಿದ್ದರು ಎಂಬುದು ವಿಮೋಚನಕಾಂಡ 28ರಲ್ಲಾಗಲಿ ಯಾಜಕಕಾಂಡ 16ರಲ್ಲಾಗಲಿ ಇಲ್ಲ. ಅದು ಮಧ್ಯಯುಗದ ಯೆಹೂದಿ ಬರಹದಿಂದ ಬಂದದ್ದು. ನಿಧಾನವಾಗಿ ಕಾಯುವ ನೀರಿನಲ್ಲಿ ಸುಮ್ಮನೆ ಕೂತು ಸಾಯುವ ಕಪ್ಪೆಯೂ ಸುಳ್ಳು. ನೀರು ಬಿಸಿಯಾದಂತೆ ಕಪ್ಪೆ ಹೊರಗೆ ಹಾರಲು ನೋಡುತ್ತದೆ. ಡಾರ್ವಿನ್ ಸಾಯುವ ಮುಂಚೆ ತನ್ನ ಸಿದ್ಧಾಂತ ಕೈಬಿಟ್ಟು ಕ್ರಿಸ್ತನನ್ನು ನಂಬಿದನೆಂಬ ಕತೆ 1915ರಲ್ಲಿ ಅಮೆರಿಕದ ಒಂದು ಧಾರ್ಮಿಕ ಪತ್ರಿಕೆಯಲ್ಲಿ ಅಚ್ಚಾಯಿತು. ಸಾಯುವಾಗ ತಂದೆಯ ಹತ್ತಿರವೇ ಇದ್ದ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಅದನ್ನು ಬಹಿರಂಗವಾಗಿ ಅಲ್ಲಗಳೆದಳು. ಇಂಥವುಗಳನ್ನು ಎಚ್ಚರಿಕೆಯ ಮಾತಿಲ್ಲದೆ ಕೊಡುವ ತಾಣಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎಲ್ಲ ಕೆಟ್ಟ ಕತೆಗಳೂ ಪೂರ್ತಿ ಸುಳ್ಳಾಗಿರುವುದಿಲ್ಲ. ಅರ್ಧ ನಿಜವಾದವು ಹೆಚ್ಚು ತೊಂದರೆ ಕೊಡುತ್ತವೆ. ಜಾನ್ ನ್ಯೂಟನ್‌ನನ್ನೇ ತೆಗೆದುಕೊಳ್ಳಿ. ಗುಲಾಮರ ಹಡಗಿನವನು ಬಿರುಗಾಳಿಗೆ ಸಿಕ್ಕಿ, ದೇವರಿಗೆ ಮೊರೆಯಿಟ್ಟು, ಆ ವ್ಯಾಪಾರಕ್ಕೆ ಅಲ್ಲೇ ಬೆನ್ನು ಹಾಕಿ, ‘ಅಮೇಜಿಂಗ್ ಗ್ರೇಸ್’ ಬರೆದ ಎಂದು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಬಿರುಗಾಳಿ ಬಂದದ್ದು 1748ರಲ್ಲಿ. ಗುಲಾಮರ ಹಡಗುಗಳಿಗೆ ಅವನು ಕಪ್ತಾನನಾದದ್ದು ಅದಾದ ಮೇಲೆ. 1754ರಲ್ಲಿ ಹಡಗು ಬಿಟ್ಟದ್ದು ಕಾಯಿಲೆಯಿಂದ. 1764ರಲ್ಲಿ ದೀಕ್ಷೆ, 1773ರ ಹೊಸ ವರ್ಷದ ಆರಾಧನೆಗೆ ಆ ಗೀತೆ, ಗುಲಾಮ ವ್ಯಾಪಾರದ ವಿರುದ್ಧ ಪುಸ್ತಿಕೆ 1788ರಲ್ಲಿ. ಮೊರೆಯಿಟ್ಟ ರಾತ್ರಿಗೂ ಬಹಿರಂಗ ಪಶ್ಚಾತ್ತಾಪಕ್ಕೂ ನಡುವೆ 40 ವರ್ಷ. ಒಂದೇ ರಾತ್ರಿಯಲ್ಲಿ ಬದಲಾದ ಮನುಷ್ಯನ ಕತೆ ಕೇಳಿ, ತಮ್ಮಲ್ಲಿ ಹಾಗಾಗಲಿಲ್ಲವೆಂದು ಎದೆಗುಂದಿ ಕೂತವರು ಪ್ರತಿ ಸಭೆಯಲ್ಲೂ ಇದ್ದಾರೆ. ಅವರಿಗೆ ನ್ಯೂಟನ್ನನ ನಿಜವಾದ ಇಸವಿಗಳೇ ಸುವಾರ್ತೆ. ಪವಿತ್ರೀಕರಣದ ಮೇಲೆ, ಅಂದರೆ ನಂಬಿದವರು ಕ್ರಮೇಣ ಬದಲಾಗುವುದರ ಮೇಲೆ, ಪ್ರಸಂಗ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ನಯಾಗರದ ಮೇಲೆ ಹಗ್ಗದಲ್ಲಿ ನಡೆದ ಬ್ಲಾಂಡಿನ್‌ನ ಕತೆಯೂ ಹಾಗೆಯೇ. ತಳ್ಳುಗಾಡಿ ತಳ್ಳಿಕೊಂಡು ದಾಟಿದವನು, ‘ಇದರಲ್ಲಿ ಮನುಷ್ಯನನ್ನು ಕೂರಿಸಿಕೊಂಡು ದಾಟಬಲ್ಲೆ ಎಂದು ನಂಬುತ್ತೀರಾ’ ಎಂದು ಕೇಳಿದ, ಎಲ್ಲರೂ ಹೌದೆಂದರು, ಯಾರೂ ಹತ್ತಲಿಲ್ಲ ಎಂದು ಹೇಳಿ ಮುಗಿಸುತ್ತಾರೆ. ಅವನು ತಳ್ಳುಗಾಡಿ ತಳ್ಳಿದ್ದು ನಿಜ. ಆದರೆ ಒಬ್ಬನನ್ನು ಬೆನ್ನ ಮೇಲೆ ಹೊತ್ತು ದಾಟಿದ್ದೂ ನಿಜ. ಆ ಸಂಗತಿ ಬಿಟ್ಟುಹೋಗಿರುವುದೇ ನಷ್ಟ. ಜ್ಞಾನೋಕ್ತಿ 3:5ರ ಮೇಲಿನ ಪ್ರಸಂಗಕ್ಕೆ ಅದನ್ನು ಹೀಗೆ ಹೇಳಬಹುದು:

“1859ರ ಆಗಸ್ಟ್. ನಯಾಗರ ಕಣಿವೆಯ ಮೇಲೆ ಈ ದಡದಿಂದ ಆ ದಡಕ್ಕೆ ಒಂದು ಹಗ್ಗ. ಸಾವಿರ ಅಡಿಗಿಂತ ಉದ್ದ. ಅದರ ಮೇಲೆ ಬ್ಲಾಂಡಿನ್ ನಡೆಯುವುದನ್ನು ಜನ ಆಗಲೇ ಕಂಡಿದ್ದರು. ಆವತ್ತು ಅವನ ಬೆನ್ನ ಮೇಲೆ ಇನ್ನೊಬ್ಬನಿದ್ದ. ಅವನ ಮ್ಯಾನೇಜರ್, ಹ್ಯಾರಿ ಕಾಲ್ಕಾರ್ಡ್. ಹೊರಡುವ ಮುಂಚೆ ಬ್ಲಾಂಡಿನ್ ಅವನಿಗೆ ಎಚ್ಚರಿಕೆ ಹೇಳಿದನಂತೆ: ನಾನು ವಾಲಿದ ಕಡೆ ನೀನೂ ವಾಲು. ನೀನಾಗಿ ಮೈ ಸಂಭಾಳಿಸಲು ಹೋಗಬೇಡ. ಹೋದರೆ ಇಬ್ಬರೂ ಸಾಯುತ್ತೇವೆ. ಹಗ್ಗ ಓಲಾಡಿತು. ಕಾಲ್ಕಾರ್ಡ್ ತಾನಾಗಿ ಏನೂ ಮಾಡಲಿಲ್ಲ. ಇಬ್ಬರೂ ಆ ದಡ ಮುಟ್ಟಿದರು. ‘ಸ್ವಬುದ್ಧಿಯನ್ನೇ ಆಧಾರಮಾಡಿಕೊಳ್ಳದೆ’ ಎಂದು ವಾಕ್ಯ ಹೇಳುತ್ತದೆ.”

ಇದು ಒಂದು ನಿಮಿಷದೊಳಗೆ ಮುಗಿಯುತ್ತದೆ. ಕೊನೆಯ ಮಾತು ವಚನದ್ದೇ, ಅದರ ಮೇಲೆ ವಿವರಣೆ ಇಲ್ಲ. ಆಡಿದ್ದೆಂದು ದಾಖಲಾದ ಮಾತಿಗೆ ‘ಹೇಳಿದನಂತೆ’ ಎಂದಿದೆ, ನಡೆದ ಸಂಗತಿಗೆ ನೇರ ಕ್ರಿಯಾಪದವಿದೆ. ಹಗ್ಗದ ದಪ್ಪ, ಎತ್ತರ, ಸೇರಿದ ಜನರ ಲೆಕ್ಕ ಬಿಟ್ಟಿದೆ. ತಾಣದಲ್ಲಿ ಅವೆಲ್ಲ ಇರುತ್ತವೆ, ಆದರೆ ಈ ವಚನಕ್ಕೆ ಬೇಡ.

ಅಳತೆಯ ವಿಷಯಕ್ಕೆ ಬಂದರೆ, ಯೇಸು ಹೇಳಿದ ಸಾಮ್ಯಗಳನ್ನೇ (ಹೋಲಿಕೆಯ ಕತೆಗಳನ್ನೇ) ಮಾದರಿಯಾಗಿ ಇಟ್ಟುಕೊಳ್ಳಬಹುದು. ಸಾಸಿವೆ ಕಾಳಿನ ಸಾಮ್ಯ ಮತ್ತಾಯ 13ರಲ್ಲಿ ಎರಡೇ ವಚನ. ಒಳ್ಳೆಯ ಸಮಾರ್ಯದವನ ಕತೆ ಲೂಕ 10ರಲ್ಲಿ ಆರು ವಚನ. ತಪ್ಪಿಹೋದ ಮಗನ ಕತೆಯಂಥ ದೊಡ್ಡದಕ್ಕೂ 22 ವಚನ ಸಾಕಾಗಿವೆ. ಧನಿಕನೊಬ್ಬ ಬಡವನ ಕುರಿಮರಿ ಕಿತ್ತುಕೊಂಡನೆಂದು ಪ್ರವಾದಿ ನಾಥಾನ ರಾಜ ದಾವೀದನಿಗೆ ಹೇಳಿದ ಕತೆ 2 ಸಮುವೇಲ 12ರಲ್ಲಿ ನಾಲ್ಕು ವಚನಗಳಲ್ಲಿ ಮುಗಿದಿದೆ. ಕತೆ ಮುಗಿದ ಕೂಡಲೆ ನಾಥಾನ ವಿವರಣೆಗೆ ಇಳಿಯಲಿಲ್ಲ. ದಾವೀದನ ಕೋಪ ಹೊರಬಂದು, ಅವನೇ ತೀರ್ಪು ಕೊಡುವವರೆಗೂ ಕಾದ. ನಂತರ ಬಂದದ್ದು ‘ಆ ಮನುಷ್ಯನು ನೀನೇ’. ಇಪ್ಪತ್ತು ಇಪ್ಪತ್ತೈದು ನಿಮಿಷದ ಪ್ರಸಂಗಕ್ಕೆ ಮೂರಕ್ಕಿಂತ ಹೆಚ್ಚು ದೃಷ್ಟಾಂತ ಬೇಡ, ಒಂದೊಂದು ಎರಡು ನಿಮಿಷ ಮೀರದಿರಲಿ. ಸಾವಧಾನವಾದ ಕನ್ನಡದಲ್ಲಿ ಅದು ಹೆಚ್ಚೆಂದರೆ 180 ಪದ. ಆರಂಭದ ಕತೆ ಐದು ನಿಮಿಷ ತಿಂದರೆ, ವಾಕ್ಯ ಓದುವ ಹೊತ್ತಿಗೆ ಜನರ ಗಮನ ಕರಗಿರುತ್ತದೆ. ಕಥೋಲಿಕ ಗುರುಗಳಿಗೆ ಸಮಯ ಇನ್ನೂ ಬಿಗಿ. ಪ್ರಬೋಧನೆ ಎಂಟು ನಿಮಿಷ ಮೀರಬಾರದೆಂದು ಪೋಪ್ ಫ್ರಾನ್ಸಿಸ್ 2024ರಲ್ಲಿ ಹೇಳಿದ್ದರು. ಅಷ್ಟರಲ್ಲಿ ಹಿಡಿಸುವುದು ಒಂದೇ ಚಿತ್ರ.

ನಿಜವಾದ ಕತೆಯೂ ವಾಕ್ಯಕ್ಕೆ ಹೊಂದದೇ ಹೋಗಬಹುದು. ಕಟ್ಟುಕತೆಯಾದರೂ ಸತ್ಯವನ್ನು ಹೇಳಬಹುದು. ಸಾಮ್ಯಗಳೇ ಅಂಥವು. ಹಾಗಾಗಿ ಮೂಲ ಪರೀಕ್ಷೆಯಾದ ಮೇಲೆ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ. ಕತೆಯ ಪಾತ್ರಗಳ ಜಾಗದಲ್ಲಿ ವಚನದ ಪಾತ್ರಗಳನ್ನು ಇಟ್ಟು ನೋಡಬೇಕು. ಶುಭ ಶುಕ್ರವಾರಕ್ಕೆ ಪದೇಪದೇ ಬರುವ ರೈಲು ಸೇತುವೆಯ ಕತೆ ಇಲ್ಲಿ ಸೋಲುತ್ತದೆ. ಪ್ರಯಾಣಿಕರನ್ನು ಉಳಿಸಲು ಸೇತುವೆ ಕಾಯುವವನು ಯಂತ್ರದಲ್ಲಿ ಸಿಕ್ಕಿಕೊಂಡ ಮಗನ ಮೇಲೆಯೇ ಸೇತುವೆ ಇಳಿಸುತ್ತಾನೆ. ಜನ ಅಳುತ್ತಾರೆ, ನಿಜ. ಆದರೆ ಆ ಮಗನಿಗೆ ಏನಾಗುತ್ತಿದೆ ಎಂದೇ ತಿಳಿದಿಲ್ಲ. ಯೋಹಾನ 10:18ರಲ್ಲಿ ಯೇಸು ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ತಾನೇ ಕೊಡುತ್ತೇನೆ ಎನ್ನುತ್ತಾನೆ. ಆ ಕತೆಯ ಶಿಲುಬೆ ಒಂದು ಅಪಘಾತ, ಅದರ ತಂದೆ ಬೇರೆ ದಾರಿ ಕಾಣದ ನೌಕರ. ಕಣ್ಣೀರು ಬರಿಸಿತೆಂಬ ಕಾರಣಕ್ಕೆ ಇದನ್ನು ಉಳಿಸಿಕೊಳ್ಳುವುದು ಸಭೆಗೆ ಮಾಡುವ ಅನ್ಯಾಯ.

ಕನ್ನಡಕ್ಕೆ ತರುವಾಗ ಅಮೆರಿಕದ ತಾಣಗಳ ದೊಡ್ಡ ಕೊರತೆ ಎದುರಾಗುತ್ತದೆ. ಬೇಸ್‌ಬಾಲ್, ಥ್ಯಾಂಕ್ಸ್‌ಗಿವಿಂಗ್ ಊಟ, ಹಿಮ ಬಿದ್ದ ಹೆದ್ದಾರಿ, ಕಾಲೇಜು ಫುಟ್‌ಬಾಲ್ ಕೋಚ್ ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಒಂದು ವಾಕ್ಯದಲ್ಲಿ ಹಿನ್ನೆಲೆ ಹೇಳಲು ಆಗದಿದ್ದರೆ ಕತೆಯನ್ನು ಬಿಟ್ಟುಬಿಡಿ. ಬೇಸ್‌ಬಾಲ್ ತೆಗೆದು ಕ್ರಿಕೆಟ್ ಹಾಕಿ, ಟೆಕ್ಸಸ್ ತೆಗೆದು ಚಿಕ್ಕಮಗಳೂರು ಹಾಕಿ ‘ನಿಜವಾಗಿ ನಡೆದದ್ದು’ ಎಂದು ಹೇಳುವ ಚಾಳಿ ಸುಳ್ಳು ಹೇಳುವುದಕ್ಕೆ ಸಮ. ಊರು ಬದಲಿಸಲೇಬೇಕಾದರೆ ‘ಒಬ್ಬ ರೈತನಿದ್ದ ಎಂದುಕೊಳ್ಳಿ’ ಎಂದು ಶುರುಮಾಡಿ. ಯಾರಿಗೂ ಮೋಸವಾಗುವುದಿಲ್ಲ. ಇಂಗ್ಲಿಷ್ ಪಠ್ಯವನ್ನು ಎದುರಿಗಿಟ್ಟುಕೊಂಡು ಅನುವಾದಿಸುವುದೂ ಬೇಡ. ಒಮ್ಮೆ ಓದಿ, ಮುಚ್ಚಿಟ್ಟು, ಮನೆಯವರಿಗೆ ಬಾಯಲ್ಲಿ ಹೇಳಿ, ಆಮೇಲೆ ಬರೆದುಕೊಳ್ಳಿ. ಬಾಯಿಗೆ ಬಾರದ ವಿವರ ತಾನಾಗಿ ಉದುರಿಹೋಗುತ್ತದೆ.

ನಮ್ಮ ನೆಲದ ದೃಷ್ಟಾಂತ ಈ ತಾಣಗಳಲ್ಲಿ ಸಿಗುವುದಿಲ್ಲ. ಇದ್ದದ್ದನ್ನು ನಾವೂ ಬಳಸಿದ್ದು ಕಡಿಮೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕ್ರೈಸ್ತರಾದವರು ಜಾತಿ, ಮನೆ, ಕಸುಬು ಎಲ್ಲವನ್ನೂ ಕಳೆದುಕೊಂಡು ಬಾಗಿಲಿಗೆ ಬಂದಾಗ ಮಿಷನ್ ಅವರಿಗೆ ಪ್ರಾರ್ಥನೆಯ ಜೊತೆಗೆ ಕೆಲಸವನ್ನೂ ಕೊಡಬೇಕಾಯಿತು. ಮುದ್ರಣಾಲಯ, ನೇಯ್ಗೆ ಶಾಲೆ ಬಂದವು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ಯಾಕೋಬ 2:15-16ರಲ್ಲಿ, ಬಟ್ಟೆ ಇಲ್ಲದವನಿಗೆ, ಹಸಿದವನಿಗೆ ಬರೀ ಬಾಯಿಮಾತಿನ ಆಶೀರ್ವಾದ ಕೊಟ್ಟು ಕಳಿಸಿದರೆ ಏನು ಪ್ರಯೋಜನ ಎಂಬ ಪ್ರಶ್ನೆಯಿದೆ. ಆ ವಚನ ಓದಿ, ತಲೆ ಎತ್ತಿ ಮಾಡಿನ ಹೆಂಚು ತೋರಿಸಬಹುದಾದ ದೇವಾಲಯಗಳು ಕರಾವಳಿಯಲ್ಲಿ ಇನ್ನೂ ಇವೆ. ಇಂಥ ದೃಷ್ಟಾಂತಕ್ಕೆ ಚಂದಾ ಬೇಡ. ನಿಮ್ಮ ಸಭೆಯ ಹಳೆಯ ದಾಖಲೆ ಪುಸ್ತಕ, ಶತಮಾನೋತ್ಸವದ ಸ್ಮರಣ ಸಂಚಿಕೆ ಮತ್ತು ಎರಡು ಗಂಟೆಯ ಬಿಡುವು ಸಾಕು.

ಚಾಟ್‌ಬಾಟ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ‘ಕ್ಷಮೆಯ ಬಗ್ಗೆ ನಿಜಜೀವನದ ಕತೆ ಕೊಡು’ ಎಂದು ಕೇಳಿದರೆ ಹೆಸರು, ಊರು, ಇಸವಿ ಸಮೇತ ಇಲ್ಲದ ಘಟನೆಯನ್ನು ಹೊಸೆದುಕೊಡಬಲ್ಲದು. ಮೂಲ ಕೇಳಿದರೆ ಇಲ್ಲದ ಪುಸ್ತಕದ ಹೆಸರನ್ನೂ ಹೇಳಬಲ್ಲದು. ಕತೆಗಾಗಿ ಅದನ್ನು ನಂಬಬೇಡಿ. ನೀವೇ ಬರೆದ 300 ಪದದ ಕತೆಯಲ್ಲಿ ಯಾವ ವಾಕ್ಯ ತೆಗೆಯಬಹುದು ಎಂದು ಕೇಳಲು ಬಳಸಬಹುದು, ಅಷ್ಟೇ.

ತಾಣ ಯಾವುದೇ ಆಗಿರಲಿ, ಬಳಸಿದ ಪ್ರತಿ ದೃಷ್ಟಾಂತಕ್ಕೂ ಒಂದು ಕಾರ್ಡ್ ಇಡುವುದು ಒಳ್ಳೆಯದು. ಅದರಲ್ಲಿ ವಚನ, ಕತೆ ತೋರಿಸುವ ಒಂದೇ ಅಂಶ, ಮೂಲ, ಹೇಳಿದ ದಿನ, ಹೇಳಿದ ಸಭೆ ಇರಲಿ. ಒಂದೇ ಪಾಸ್ಟರೇಟಿನಲ್ಲಿ (ಒಬ್ಬ ಸಭಾಪಾಲಕರ ವ್ಯಾಪ್ತಿಯಲ್ಲಿ) ಮೂರು ನಾಲ್ಕು ಸಭೆ ನೋಡಿಕೊಳ್ಳುವವರಿಗೆ ಈ ಕೊನೆಯ ಎರಡು ಕಲಮು ಇಲ್ಲದಿದ್ದರೆ ಒಂದೇ ಕತೆಯನ್ನು ಒಂದೇ ಸಭೆಗೆ ಎರಡು ಸಲ ಹೇಳುವುದು ಖಂಡಿತ. ಈಗ ಆರಾಧನೆ ಯೂಟ್ಯೂಬಿನಲ್ಲೂ ಹೋಗುವುದರಿಂದ ಇನ್ನೆರಡು ಎಚ್ಚರ ಬೇಕು. ಚಂದಾ ತಾಣದ ಬರಹವನ್ನು ಪದಕ್ಕೆ ಪದ ಓದಿ ಪ್ರಸಾರ ಮಾಡಬೇಡಿ, ನಿಮ್ಮ ಮಾತಿನಲ್ಲಿ ಹೇಳಿ, ಎಲ್ಲಿ ಓದಿದ್ದೆಂದೂ ಹೇಳಿ. ಆಪ್ತಸಮಾಲೋಚನೆಯಲ್ಲಿ ಕೇಳಿದ್ದು, ಸಭೆಯವರ ಮನೆಯ ಕಷ್ಟ, ಹೊಸದಾಗಿ ನಂಬಿದವರ ಸಾಕ್ಷಿ ಇವನ್ನು ಅವರ ಒಪ್ಪಿಗೆಯಿಲ್ಲದೆ ಹೇಳಲೇಬೇಡಿ. ಅರವತ್ತು ಮನೆಯ ಸಭೆಯಲ್ಲಿ ‘ಒಬ್ಬ ಸಹೋದರಿ’ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನು ಖರೀದಿ. ವಾರಕ್ಕೊಂದೇ ಪ್ರಸಂಗ ಮಾಡುವವರು, ಇಂಗ್ಲಿಷ್ ಸಲೀಸಾಗಿ ಓದುವವರು ಪ್ರೀಚಿಂಗ್ ಟುಡೇಗೆ ಹಣ ಕೊಟ್ಟರೆ ನಷ್ಟವಿಲ್ಲ. ಸಂಪಾದಕರು ಬರೆದಿಟ್ಟ ಮೂಲದ ಸಾಲು ನಿಮ್ಮ ಎರಡು ಗಂಟೆಯ ಹುಡುಕಾಟ ಉಳಿಸುತ್ತದೆ. ಸರ್ಮನ್ ಸೆಂಟ್ರಲ್‌ನಲ್ಲಿ ಪುಕ್ಕಟೆ ಸಿಗುವಷ್ಟೇ ಸಾಕು. ಅಲ್ಲಿ ಸಿಕ್ಕ ಕತೆಯನ್ನು ನೀವೇ ಪರೀಕ್ಷಿಸಬೇಕಾದ್ದರಿಂದ ಹಣ ಕೊಟ್ಟು ಆಗುವ ಲಾಭ ಕಡಿಮೆ. ತಿಂಗಳಿಗೊಮ್ಮೆ ಸರದಿ ಬರುವ ಲೇ ಪ್ರೀಚರ್‌ಗಳಿಗೆ ಸ್ಪರ್ಜನ್‌ನ ಸಂಗ್ರಹ ಮತ್ತು ಒಂದು ಒಳ್ಳೆಯ ಸತ್ಯವೇದ ನಿಘಂಟು ಸಾಕು. ಚಂದಾ ಕಟ್ಟುವುದು ಡಾಲರಿನಲ್ಲಿ, ಬ್ಯಾಂಕ್ ಕಾರ್ಡಿಗೆ ಅಂತಾರಾಷ್ಟ್ರೀಯ ವ್ಯವಹಾರ ತೆರೆದಿರಬೇಕು. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ನಿಮ್ಮ ಅನುಮತಿ ನೋಂದಣಿಯಾಗದಿದ್ದರೆ ಮರುಚಂದಾ ತಾನಾಗಿ ಕಡಿತವಾಗದೆ ನಿಂತುಹೋಗಬಹುದು. ವರ್ಷದ ಚಂದಾ ಕಟ್ಟುವ ಮೊದಲು ಪ್ರಾಯೋಗಿಕ ಅವಧಿ ಕೊಡುತ್ತಾರೆಯೇ ನೋಡಿ. ಕೊಟ್ಟರೆ ಅದನ್ನು ತಪಸ್ಸು ಕಾಲ ಶುರುವಾಗುವ ವಾರದಲ್ಲಿ ತೆರೆಯಿರಿ. ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ವಾಕ್ಯಭಾಗಗಳನ್ನೆಲ್ಲ ಒಂದೇ ಸಲಕ್ಕೆ ವಚನದಿಂದ ಹುಡುಕಿ, ಮೂಲದ ಸಾಲಿರುವವನ್ನು ಮಾತ್ರ ದೃಷ್ಟಾಂತದ ಕಾರ್ಡಿಗೆ ಇಳಿಸಿಕೊಳ್ಳಿ.